ಸ್ತನದ ಗಂಟು, ಔಷಧ ಮತ್ತು ವಿಸರಣ ಚಿತ್ರ



ಸ್ತನದಲ್ಲಿ ಗಂಟು ಕಂಡರೆ, ಅದು ನೋಯದಿದ್ದರೂ, ತಡಮಾಡದೆ ವೈದ್ಯರಿಗೆ ತೋರಿಸಬೇಕೆಂಬುದು ನಿಮಗೆ ತಿಳಿದ ವಿಷಯ. ಇಂದು ನಾನು ಹೇಳಬೇಕೆಂದಿರುವುದು ಅದರ ಮುಂದಿನ ಮಾತು.

ಗಂಟಿನ ಚೂರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿ ಕ್ಯಾನ್ಸರ್ ಎಂದು ಖಚಿತವಾದ ಬಳಿಕ, ಹಲವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಔಷಧ ಚಿಕಿತ್ಸೆಯನ್ನು, ಅಂದರೆ ಕೀಮೋಥೆರಪಿಯನ್ನು ಆರಂಭಿಸಲಾಗುತ್ತದೆ. ಎರಡು ಮೂರು ಸರದಿ ಕಳೆದರೂ ಗಂಟು ಕೈಗೆ ಮೊದಲಿನಂತೆಯೇ ತಾಗಿದರೆ “ಔಷಧ ಹತ್ತಲಿಲ್ಲ, ಊರಿಗೆ ಹೋಗೋಣ” ಎನ್ನುವ ಪತಿಯರುಂಟು. ಗಂಟು ಕರಗಿದರೆ “ಗುಣವಾಯಿತಲ್ಲ, ಇನ್ನೇಕೆ ಖರ್ಚು?” ಎನ್ನುವವರೂ ಉಂಟು. ಎರಡು ಸಂದರ್ಭಗಳಲ್ಲಿಯೂ ನಿಲ್ಲುವುದು ಚಿಕಿತ್ಸೆ, ರೋಗವಲ್ಲ.

ಕೈಗೆ ತಿಳಿಯದ ಬದಲಾವಣೆಯನ್ನು ಅರಿಯಲು ಎಂ.ಆರ್.ಐ. ಯಂತ್ರದಲ್ಲಿ ವಿಸರಣ ಚಿತ್ರವನ್ನು ತೆಗೆಯಬಹುದು. ವೈದ್ಯರು ಇದನ್ನು ಡಿಫ್ಯೂಷನ್ ಎನ್ನುವರು. ಇದು ದೇಹದೊಳಗಿನ ನೀರಿನ ಅಣುಗಳ ಚಲನೆಯನ್ನು ಅಳೆಯುತ್ತದೆ. ಗವಿಮಠದ ಜಾತ್ರೆಯಲ್ಲಿ ತೇರೆಳೆಯುವ ಹೊತ್ತನ್ನು ನೆನೆಯಿರಿ. ಜನ ಕಿಕ್ಕಿರಿದಾಗ ಒಂದು ಹೆಜ್ಜೆಯನ್ನೂ ಅತ್ತಿತ್ತ ಇಡಲಾಗದು. ಜನ ಚದುರಿದ ಮೇಲೆ ಅದೇ ಬಯಲಿನಲ್ಲಿ ಸರಾಗವಾಗಿ ನಡೆಯಬಹುದು. ಕ್ಯಾನ್ಸರ್ ಗಂಟಿನಲ್ಲಿ ಜೀವಕೋಶಗಳು ಹಾಗೆಯೇ ಒತ್ತೊತ್ತಾಗಿರುವುದರಿಂದ ನೀರಿನ ಅಣುಗಳಿಗೆ ಎಡೆ ಸಾಲದು. ಔಷಧದಿಂದ ಕೋಶಗಳು ಸತ್ತಂತೆಲ್ಲ ಎಡೆ ಬಿಡುತ್ತದೆ, ಚಲನೆ ಹೆಚ್ಚುತ್ತದೆ. ಗಂಟಿನ ಗಾತ್ರ ಕುಗ್ಗುವುದಕ್ಕೆ ಮೊದಲೇ ಈ ವ್ಯತ್ಯಾಸ ಕಾಣಿಸಿಕೊಳ್ಳಬಹುದು. ಆದರೆ ಅವಸರ ಸಲ್ಲದು. ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರಗಳ ಚಿಕಿತ್ಸೆಯ ಬಳಿಕದ ಅಳತೆಯು ಔಷಧದ ಫಲವನ್ನು ಒಂದು ಮಟ್ಟಿಗೆ ಸೂಚಿಸಿತು. 3 ವಾರಗಳ ಅಳತೆಯು ಒಟ್ಟಾರೆಯಾಗಿ ಸೂಚಿಸಲಿಲ್ಲ. ಚಿತ್ರದಲ್ಲಿ ಗಂಟು ಕಾಣದಿದ್ದರೂ ಕೋಶಗಳು ಉಳಿದಿರಬಹುದಾದ್ದರಿಂದ ಶಸ್ತ್ರಚಿಕಿತ್ಸೆಯನ್ನು ಬಿಡುವಂತಿಲ್ಲ.

ರೋಗವು ಕಂಕುಳಿನ ಗ್ರಂಥಿಗಳಿಗೆ, ಮೂಳೆಗೆ, ಯಕೃತ್ತಿಗೆ ಹಬ್ಬಿದೆಯೇ ಎಂಬ ಶೋಧಕ್ಕೂ ಇದು ನೆರವಾಗುತ್ತದೆ. ಆರೋಗ್ಯವಂತ ಗ್ರಂಥಿಗಳೂ ಈ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವುದರಿಂದ, ಅನುಮಾನವಿದ್ದಲ್ಲಿ ಸೂಜಿ ಪರೀಕ್ಷೆ ಆಗಲೇಬೇಕು. ಎಲ್ಲರಿಗೂ ಈ ಚಿತ್ರದ ಅಗತ್ಯವಿರುವುದಿಲ್ಲ. ವೈದ್ಯರು ಬರೆದುಕೊಡದಿದ್ದರೆ ಚಿಕಿತ್ಸೆ ಕೀಳೆಂದು ಭಾವಿಸಬಾರದು.

ಈ ಪರೀಕ್ಷೆಯಲ್ಲಿ ಕ್ಷ-ಕಿರಣವಿಲ್ಲ. ಯಂತ್ರ ದೊಡ್ಡ ಸದ್ದು ಮಾಡುತ್ತದೆ, ಬೋರಲು ಮಲಗಿ ಅಲುಗದಿರಬೇಕು. ಅಯಸ್ಕಾಂತದ ಬಳಿ ಲೋಹ ಸಲ್ಲದು. ತಾಳಿ, ಕಾಲುಂಗುರಗಳನ್ನು ತೆಗೆದಿಡಬೇಕು. ಇಲ್ಲಿ ಅನೇಕ ಸೋದರಿಯರು ಹಿಂಜರಿಯುತ್ತಾರೆ. ಪತಿಯೇ ಅವುಗಳನ್ನು ಕೈಯಲ್ಲಿ ಹಿಡಿದು ಹೊರಗೆ ಕುಳಿತರೆ ಆಕೆಗೆ ಧೈರ್ಯ ಬರುತ್ತದೆ. ಹೃದಯಕ್ಕೆ ಯಂತ್ರ ಅಳವಡಿಸಿದ್ದರೆ ಮೊದಲೇ ತಿಳಿಸತಕ್ಕದ್ದು. ಕಾಪರ್-ಟಿ ಇದ್ದರೂ ತಿಳಿಸಿರಿ. ಸಾಮಾನ್ಯವಾಗಿ ಅದನ್ನು ತೆಗೆಸಬೇಕಾಗುವುದಿಲ್ಲ.

ಚಿಕಿತ್ಸೆಯ ಅವಧಿಯಲ್ಲಿ ಗರ್ಭಧಾರಣೆ ಆಗಬಾರದು. ಈ ರೋಗವಿರುವವರು ಮಾಲಾ-ಎನ್ ಗುಳಿಗೆ, ಅಂತರಾ ಚುಚ್ಚುಮದ್ದುಗಳನ್ನು ಬಳಸಬಾರದು. ಅವುಗಳಲ್ಲಿ ಹಾರ್ಮೋನು ಇದೆ. ನಿರೋಧ್ ಅಥವಾ ಕಾಪರ್-ಟಿ ತಕ್ಕುದು.

ಕ್ಯಾನ್ಸರ್ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯೂ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇವೆ. ಹೊರಡುವ ಮುನ್ನ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್‌ಗಳನ್ನು ಜೊತೆಗಿಡಿರಿ. ಹಿಂದಿನ ಚಿತ್ರಗಳನ್ನು ಮನೆಯಲ್ಲಿ ಬಿಡದೆ ಪ್ರತಿ ಸಲವೂ ಒಯ್ಯಿರಿ. ಹೊಸ ಚಿತ್ರವನ್ನು ವೈದ್ಯರು ಅವುಗಳೊಡನೆಯೇ ಹೋಲಿಸಿ ನೋಡುವರು.