ಜಾತ್ರೆಯ ರಾತ್ರಿ, ವರ್ಷದ ಲೆಕ್ಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಬೀದರ್‌ನಾಗ ಜಾಗ ಅದ. ಸಾಲ ತೆಗೆದು ನಾಲ್ಕು ಕೋಣೆ ಕಟ್ಟಿಸಿ ದಿನದ ಬಾಡಿಗೆಗೆ ಕೊಟ್ರ ಹೆಂಗ?" ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ.

ನಮ್ಮ ಜಿಲ್ಲೆಗೆ ಜನ ಬರುತ್ತಾರೆ, ನಿಜ. ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳು, ಝರಣಿ ನರಸಿಂಹ, ಗುರುನಾನಕ್ ಝೀರಾ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣ. ಔರಾದ್‌ನಲ್ಲಿ ಶಿವರಾತ್ರಿಗೆ ಅಮರೇಶ್ವರ ಜಾತ್ರೆ. ಆದರೆ ಜನ ಬಂದರು ಅಂದರೆ ಕೋಣೆ ತುಂಬಿತು ಅಂತಲ್ಲ. ಹೈದರಾಬಾದ್‌ನಿಂದ ಕಾರಿನಲ್ಲಿ ಬಂದವರು ಝರಣಿಯ ನೀರಲ್ಲಿ ನಡೆದು ದರ್ಶನ ಮಾಡಿ, ಕೋಟೆ ನೋಡಿ, ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ಗುರುದ್ವಾರದ ಯಾತ್ರಿಕರಿಗೆ ಅಲ್ಲೇ ವಸತಿ, ಅಲ್ಲೇ ಲಂಗರ್ ಊಟ. ಅಮರೇಶ್ವರ ಜಾತ್ರೆಗೆ ಬಂದವರು ಬೀಗರ ಮನೆಯಲ್ಲಿ ಮಲಗುತ್ತಾರೆ. ಬೀಗರನ್ನು ಲಾಡ್ಜಿಗೆ ಕಳಿಸುವಷ್ಟು ನಾವಿನ್ನೂ ಕೆಟ್ಟಿಲ್ಲ!

ಬಾಡಿಗೆ ಕೊಟ್ಟು ಮಲಗುವವರು ಬೇರೆ: ಮದುವೆ ದಿಬ್ಬಣದವರು, ಪರೀಕ್ಷೆಗೆ ಮಕ್ಕಳನ್ನು ಕರೆತಂದ ತಂದೆತಾಯಿ, ಕೋರ್ಟು ಕಚೇರಿ ಕೆಲಸದವರು. ಬೇಸಿಗೆಯಲ್ಲಿ ಮದುವೆ ಜೋರು, ಆಷಾಢದಲ್ಲಿ ಮೂಹೂರ್ತವೇ ಇಲ್ಲ.

ಲೆಕ್ಕಕ್ಕಾಗಿ ಒಂದು ಕೋಣೆ ವರ್ಷಕ್ಕೆ 60 ರಾತ್ರಿ ತುಂಬಿತು ಅನ್ನಿ. 365ರಲ್ಲಿ 60, ನೂರಕ್ಕೆ 16. ರಾತ್ರಿಗೆ ಸಾವಿರ ಹಿಡಿದರೆ 60,000 ರೂಪಾಯಿ. ಅದರಲ್ಲೇ ಚಾದರ ಒಗೆಸಬೇಕು, ಕರೆಂಟ್ ಬಿಲ್ ಕಟ್ಟಬೇಕು, ಕೀಲಿ ಕಾಯುವ ಹುಡುಗನಿಗೆ ಪಗಾರ ಕೊಡಬೇಕು. ಅದೇ ಕೋಣೆಯನ್ನು ಓದುವ ಹುಡುಗರಿಗೆ ತಿಂಗಳಿಗೆ 4,000ದಂತೆ ಹತ್ತು ತಿಂಗಳು ಕೊಟ್ಟರೆ 40,000. ದಿನಾ ಚಾದರ ಬದಲಿಸುವ ಗೋಜಿಲ್ಲ. ಬೀದರ್‌ನಲ್ಲಿ ವೈದ್ಯಕೀಯ ಕಾಲೇಜಿದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ನೀಟ್ ತರಬೇತಿಗೆ ಹೊರಜಿಲ್ಲೆಯ ಮಕ್ಕಳೂ ಬರುತ್ತಾರೆ. ನನ್ನನ್ನು ಕೇಳಿದರೆ, ಮೂರು ಕೋಣೆ ಮಕ್ಕಳಿಗೆ, ಒಂದು ಕೋಣೆ ದಿನದ ಬಾಡಿಗೆಗೆ. ಔರಾದ್, ಭಾಲ್ಕಿಯಲ್ಲಾದರೆ ವರ್ಗವಾಗಿ ಬರುವ ಮಾಸ್ತರರು, ಬ್ಯಾಂಕಿನವರನ್ನು ನಂಬಿ ಕಟ್ಟಿರಿ, ಪ್ರವಾಸಿಗರನ್ನಲ್ಲ.

"ವಿಮಾನ ಬಂದದಲ್ಲ" ಅಂತೀರಿ. ಬೆಂಗಳೂರಿನ ವಿಮಾನ 2020ರಲ್ಲಿ ಶುರುವಾಯಿತು, ನಡುವೆ ನಿಂತಿತು, 2025ರಲ್ಲಿ ಮತ್ತೆ ಬಂತು. ಬ್ಯಾಂಕಿನ ಕಂತು ಹಾಗೆ ನಡುವೆ ನಿಲ್ಲುವುದಿಲ್ಲ. ಹೊಲ ಒತ್ತೆ ಇಟ್ಟು ಕಟ್ಟುವವರು ಇದನ್ನು ಮನೆಯ ಹೆಣ್ಣುಮಕ್ಕಳಿಗೂ ಹೇಳಿಯೇ ಸಹಿ ಹಾಕಿರಿ.

ಊಟವಾದ ಮೇಲೆ ಎಂಟನೇ ತರಗತಿಯ ಕೋಣೆಯಲ್ಲಿ ಕೂತಿರುತ್ತೇನೆ. ನಕ್ಷೆ, ಸಾಲದ ಕಾಗದ ತಂದವರ ಜೊತೆ ಲೆಕ್ಕ ಹಾಕೋಣ.