ಶಾಲೆಯ ಚುಕ್ಕಿಗೆ ಭಾಷೆಯ ಕಾಲಂ ಜೋಡಿಸೋಣ

(ಜತ್ತ ತಾಲೂಕಿನ ಕನ್ನಡ ಯುವಕ-ಯುವತಿಯರ ನಕ್ಷೆ ತರಬೇತಿಯಲ್ಲಿ ನಾವು ಆಡಿದ ಮಾತುಗಳು. ಬರಲಾಗದವರು ಕೇಳಿದ್ದರಿಂದ ಇಲ್ಲಿ ಹಾಕುತ್ತಿದ್ದೇವೆ.)



ಸಂಖ, ಉಮದಿ, ಬಿಳೂರು, ತಿಕ್ಕುಂಡಿ, ಗುಡ್ಡಾಪುರ ಕಡೆಯಿಂದ ಹೊಲಮನಿ ಕೆಲಸ ಬಿಟ್ಟು ಬಂದೀರಿ. ಲ್ಯಾಪ್‌ಟಾಪ್ ಇದ್ದವರೂ ಬಂದೀರಿ, ಬರೀ ಮೊಬೈಲ್ ಇದ್ದವರೂ ಬಂದೀರಿ. ಚಲೋ ಆತು, ಇಬ್ಬರಿಗೂ ಕೆಲಸ ಐತಿ. ಇವತ್ತು ಘೋಷಣೆ ಕಡಿಮೆ, ಲೆಕ್ಕ ಜಾಸ್ತಿ.

ಮೊದಲು ನಮಗೆ ಆದ ಒಂದು ಅನುಭವ ಹೇಳ್ತೀವಿ. ಒಂದು ಊರಿನ ಪಾಲಕರ ಜೊತೆ ನಾವು ಒಂದು ಕಚೇರಿಗೆ ಮನವಿ ಹಿಡ್ಕೊಂಡು ಹೋಗಿದ್ವಿ. ‘ನಮ್ಮ ಸಣ್ಣ ಮಕ್ಕಳಿಗೆ ಹತ್ತಿರದಲ್ಲಿ ಕನ್ನಡ ಶಾಲೆ ಇಲ್ಲ’ ಅನ್ನೋದು ಮನವಿ. ಅಲ್ಲಿದ್ದವರು ಸಿಟ್ಟಾಗಲಿಲ್ಲ, ಬೈಯಲೂ ಇಲ್ಲ. ಕಂಪ್ಯೂಟರ್ ಪರದೆ ನಮ್ಮ ಕಡೆ ತಿರುಗಿಸಿದರು. ನಕ್ಷೆ ಮೇಲೆ ಶಾಲೆಗಳ ಚುಕ್ಕಿ. ‘ನೋಡ್ರಿ, ನಿಮ್ಮ ವಸ್ತಿಯಿಂದ ಒಂದು ಕಿಲೋಮೀಟರ್ ಒಳಗೇ ಶಾಲೆ ಐತಿ. ಮತ್ತೇನು ಬೇಕು?’ ಅಂದ್ರು.

ಅವರು ಸುಳ್ಳು ಹೇಳಲಿಲ್ಲ. ಚುಕ್ಕಿ ಇತ್ತು, ಶಾಲೆಯೂ ಇತ್ತು. ಆದರೆ ಅದು ಮರಾಠಿ ಮಾಧ್ಯಮದ ಶಾಲೆ. ಆ ನಕ್ಷೆಯ ಚುಕ್ಕಿಗೆ ಭಾಷೆಯೇ ಇರಲಿಲ್ಲ. ನಮ್ಮ ಕೈಯಲ್ಲಿ ಮನವಿ ಇತ್ತು, ಸಹಿ ಇತ್ತು, ನಕ್ಷೆ ಇರಲಿಲ್ಲ. ಬಾಯಿ ಮುಚ್ಚಿಕೊಂಡು ವಾಪಸ್ ಬಂದ್ವಿ.

ಆ ದಿನ ನಮಗೆ ತಿಳಿದದ್ದು ಇಷ್ಟು: ಜಾಗದ ಮಾಹಿತಿ ಒಂದು ಕಡೆ, ಪಟ್ಟಿಯ ಮಾಹಿತಿ ಇನ್ನೊಂದು ಕಡೆ ಬಿದ್ದಿರೋ ತನಕ ನಮ್ಮ ಮಾತಿಗೆ ತೂಕ ಬರೋದಿಲ್ಲ. ಎರಡನ್ನೂ ಜೋಡಿಸೋದು ಕಲಿಯಬೇಕು. ಇದನ್ನ ಮಾಡೋ ತಂತ್ರಾಂಶ ಪುಕ್ಕಟೆ ಸಿಗತೈತಿ. ಅದರ ಹೆಸರು ಕ್ಯುಜಿಐಎಸ್. 2002ರಲ್ಲಿ ಶುರುವಾಗಿ, ಜಗತ್ತಿನ ಬೇರೆಬೇರೆ ಕಡೆಯ ಜನ ಕೂಡಿ ಬೆಳೆಸಿದ ಮುಕ್ತ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ, ಕಳ್ಳ ಕಾಪಿಯೂ ಬೇಕಿಲ್ಲ.

ಕಷ್ಟ ಅಂತ ಹೆದರಬ್ಯಾಡ್ರಿ. ಈ ಜೋಡಣೆ ನಿಮ್ಮ ಅಪ್ಪಂದಿರಿಗೆ ಮೊದಲೇ ಗೊತ್ತು. ಹೊಲದ ಸಾತಬಾರಾ ಉತಾರಾ ನೋಡೀರಿ. ಮಾಲಕರು ಯಾರು, ಎಷ್ಟು ಹೆಕ್ಟೇರ್, ಯಾವ ಬೆಳೆ, ಎಲ್ಲಾ ಅದರಾಗ ಇರತೈತಿ. ಆದ್ರೆ ಹೊಲದ ಆಕಾರ ಇರೋದಿಲ್ಲ. ಆಕಾರ ಇರೋದು ಊರಿನ ನಕ್ಷೆಯೊಳಗ. ಇವೆರಡನ್ನೂ ಕೂಡಿಸೋದು ಯಾವುದು? ಗಟ ನಂಬರ್. ಆ ನಂಬರ್ ಒಂದು ತಪ್ಪಾದ್ರೆ ನಿಮ್ಮ ಹೊಲ ಇನ್ನೊಬ್ಬರ ಹೆಸರಿಗೆ ಹೋಗತೈತಿ, ಕೋರ್ಟಿನ ಮೆಟ್ಟಿಲು ಹತ್ತಬೇಕಾಗತೈತಿ. ಕಂಪ್ಯೂಟರ್‌ನಲ್ಲೂ ಇದೇ ಕಥೆ. ನಕ್ಷೆ ಒಂದು, ಕೋಷ್ಟಕ ಒಂದು, ನಡುವೆ ಒಂದು ನಂಬರ್.

ನಾವು ಮೊದಲ ಸಲ ಮಾಡಿದಾಗ ನಂಬರ್ ಬಿಟ್ಟು ಊರ ಹೆಸರಿನಿಂದ ಜೋಡಿಸಿದ್ವಿ. ಅರ್ಧಕ್ಕರ್ಧ ಊರು ಖಾಲಿ ಬಂತು. ಯಾಕಂದ್ರೆ ಇಂಗ್ಲಿಷಿನಲ್ಲಿ ಒಂದು ಪಟ್ಟಿ ‘ಉಮದಿ’ ಅಂತ ಬರೀತೈತಿ, ಇನ್ನೊಂದು ‘ಉಮ್ದಿ’ ಅಂತೈತಿ. ನಮಗೆ ಎರಡೂ ಒಂದೇ ಊರು. ಯಂತ್ರಕ್ಕೆ ಎರಡು ಊರು. ಬೋಬಲಾದ ಅಂತ ಹುಡುಕಿದ್ರೆ ಜಾಡರ ಬೋಬಲಾದವೂ ಬರತೈತಿ, ಕೊಂತೇವ ಬೋಬಲಾದವೂ ಬರತೈತಿ. ಬಿಳೂರಿನ ‘ಳ’ ಇಂಗ್ಲಿಷಿನಲ್ಲಿ ಸತ್ತೇ ಹೋಗತೈತಿ. ಹಂಗಾಗಿ ಊರ ಹೆಸರು ಕನ್ನಡದಲ್ಲಿ ಬೇಕು ಅಂದ್ರೆ ಇಂಗ್ಲಿಷ್ ಪಟ್ಟಿಯಿಂದ ತರಬ್ಯಾಡ್ರಿ, ದೇವನಾಗರಿ ಪಟ್ಟಿಯಿಂದ ಲಿಪ್ಯಂತರ ಮಾಡ್ರಿ. ಮರಾಠಿಯಲ್ಲೂ ‘ಳ’ ಐತಿ, ಅದು ಉಳೀತೈತಿ. ಆಮೇಲೆ ಊರಿನ ಹಿರಿಯರಿಗೆ ಓದಿ ಹೇಳಿ ತಿದ್ದಿಸಿಕೊಳ್ರಿ.

ಜೋಡಣೆಗೆ ಮಾತ್ರ ನಂಬರೇ. 2011ರ ಜನಗಣತಿಯಲ್ಲಿ ಪ್ರತಿ ಊರಿಗೂ ಆರು ಅಂಕಿಯ ಸಂಖ್ಯೆ ಐತಿ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಐತಿ. ಅದರಲ್ಲಿ ಮೊದಲ ಎರಡು ಅಂಕಿ ರಾಜ್ಯ, ಮಹಾರಾಷ್ಟ್ರಕ್ಕೆ 27. ಮುಂದಿನ ಎರಡು ಜಿಲ್ಲೆ. ಆಮೇಲೆ ಬ್ಲಾಕ್, ಊರು, ಕೊನೆಗೆ ಶಾಲೆ. ಒಂದು ಎಚ್ಚರಿಕೆ: ಯುಡೈಸ್‌ನ ಊರಿನ ಅಂಕಿಯೇ ಬೇರೆ, ಜನಗಣತಿಯ ಊರಿನ ಅಂಕಿಯೇ ಬೇರೆ. ಇವೆರಡನ್ನೂ ನೇರವಾಗಿ ಕೂಡಿಸಲಿಕ್ಕೆ ಬರೋದಿಲ್ಲ. ಅದಕ್ಕೆ ದಾರಿ ಮುಂದೆ ಹೇಳ್ತೀವಿ.

ಈಗ ಕೆಲಸದ ಕ್ರಮ ಬರ್ಕೊಳ್ರಿ.

ಒಂದು: ಶಾಲೆಗಳ ಪಟ್ಟಿಯನ್ನ ಸಿಎಸ್‌ವಿ ಕಡತ ಮಾಡ್ರಿ. ಶಾಲೆಯ ಸಂಖ್ಯೆ, ಹೆಸರು, ಮಾಧ್ಯಮ, ತರಗತಿ, ಅಕ್ಷಾಂಶ, ರೇಖಾಂಶ. ಇಲ್ಲೇ ಎಕ್ಸೆಲ್ ಕೈ ಕೊಡತೈತಿ. ಹನ್ನೊಂದು ಅಂಕಿಯ ಸಂಖ್ಯೆ ಸಣ್ಣ ಕಾಲಂನಲ್ಲಿ ಹಿಡಿಸದಿದ್ದರೆ ಅದನ್ನ 2.74 ಅಂತ ಮಾಡಿ ಹಿಂದೆ ಒಂದು ‘ಇ’ ಅಂಟಿಸಿ ತೋರಿಸತೈತಿ. ಹಾಗೇ ಸಿಎಸ್‌ವಿಯಾಗಿ ಉಳಿಸಿದ್ರೆ ಉಳಿದ ಅಂಕಿ ಹೋದವು, ನೂರು ಶಾಲೆಗೂ ಒಂದೇ ನಂಬರ್! ಆ ಕಾಲಂ ಮೊದಲೇ ‘ಟೆಕ್ಸ್ಟ್’ ಅಂತ ಮಾಡಿಕೊಳ್ರಿ. ಅದು ಲೆಕ್ಕ ಮಾಡೋ ಸಂಖ್ಯೆ ಅಲ್ಲ, ಅದು ಶಾಲೆಯ ಹೆಸರು ಅಂತ ತಿಳೀರಿ.

ಎರಡು: ಅದನ್ನ ಕ್ಯುಜಿಐಎಸ್‌ಗೆ ಹಾಕಿ ಚುಕ್ಕಿ ಮಾಡ್ರಿ. ರೇಖಾಂಶ ಎಕ್ಸ್, ಅಕ್ಷಾಂಶ ವೈ. ಜತ್ತ ಇರೋದು ಸುಮಾರು 17 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದಲ್ಲಿ. ಇವೆರಡನ್ನ ಅದಲು ಬದಲು ಮಾಡಿದ್ರೆ ನಮ್ಮ ತಾಲೂಕು ನಾರ್ವೆ ದೇಶದ ಉತ್ತರಕ್ಕೆ ಹಿಮದ ಸಮುದ್ರದಾಗ ಹೋಗಿ ಬೀಳತೈತಿ. ನಗಬ್ಯಾಡ್ರಿ, ನಾವು ಬೀಳಿಸೀವಿ. ಬರಗಾಲದ ಜತ್ತಕ್ಕೆ ಸುತ್ತಲೂ ನೀರು!

ಮೂರು: ಪಟ್ಟಿಯಲ್ಲಿ ಜಾಗ ಕೊಟ್ಟಿಲ್ಲದ ಶಾಲೆಗೆ ಮೊಬೈಲ್ ಹಿಡ್ಕೊಂಡು ಹೋಗ್ರಿ. ಶಾಲೆಯ ಗೇಟಿನ ಮುಂದೆ ನಿಂತು ಜಾಗ ಗುರುತಿಸಿಕೊಳ್ರಿ. ಕೆಎಂಎಲ್ ಕಡತ ಬಂದ್ರೂ ಆದೀತು, ಕ್ಯುಜಿಐಎಸ್ ಅದನ್ನ ಬೇರೆ ರೂಪಕ್ಕೆ ತಿರುಗಿಸತೈತಿ. ಆದ್ರೆ ತಿರುಗಿಸುವಾಗ ಹಳೆಯ ಶೇಪ್‌ಫೈಲ್‌ಗಿಂತ ಜಿಯೋಪ್ಯಾಕೇಜ್ ಆರಿಸಿಕೊಳ್ರಿ. ಶೇಪ್‌ಫೈಲ್ ಅಂದ್ರೆ ಒಂದು ಕಡತ ಅಲ್ಲ, ಮೂರ್ನಾಲ್ಕು ಕಡತಗಳ ಸಂಸಾರ. ವಾಟ್ಸಾಪ್‌ನಲ್ಲಿ ಒಂದನ್ನ ಕಳಿಸಿ ಇನ್ನೊಂದು ಮರೆತ್ರೆ ಏನೂ ತೆರೆಯೋದಿಲ್ಲ. ಕಾಲಂ ಹೆಸರಿಗೆ ಹತ್ತು ಇಂಗ್ಲಿಷ್ ಅಕ್ಷರದ ಜಾಗ ಅಷ್ಟೇ, ಕನ್ನಡ ಅಕ್ಷರಗಳು ಕೆಲವು ಸಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡ್ತಾವ. ಜಿಯೋಪ್ಯಾಕೇಜ್ ಒಂದೇ ಕಡತ, ಅದರಾಗ ಕನ್ನಡ ಕನ್ನಡವಾಗೇ ಇರತೈತಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಇದ್ರೆ ಮೊದಲು ಯುನಿಕೋಡ್‌ಗೆ ತಿರುಗಿಸಿಕೊಳ್ರಿ.

ನಾಲ್ಕು: ಊರುಗಳ ಗಡಿ ಇರುವ ನಕ್ಷೆ ತೆಗೀರಿ. ‘ಈ ಚುಕ್ಕಿ ಯಾವ ಊರಿನ ಗಡಿಯೊಳಗ ಐತಿ?’ ಅಂತ ತಂತ್ರಾಂಶಕ್ಕೆ ಕೇಳ್ರಿ. ಇದಕ್ಕೆ ಜಾಗದ ಜೋಡಣೆ ಅಂತಾರ. ಆಗ ಪ್ರತಿ ಶಾಲೆಗೂ ಅದರ ಊರಿನ ಜನಗಣತಿ ಸಂಖ್ಯೆ ತಾನಾಗಿ ಬಂದು ಕೂಡತೈತಿ. ಆಗಲೇ ದಾರಿ ಹೇಳ್ತೀವಿ ಅಂದದ್ದು ಇದನ್ನೇ. ಎರಡು ನಂಬರ್ ಕೂಡದಿದ್ರೆ ನೆಲವೇ ಕೂಡಿಸತೈತಿ.

ಐದು: ಆ ಸಂಖ್ಯೆ ಹಿಡಿದು ಜನಗಣತಿಯ ಕೋಷ್ಟಕ ಜೋಡಿಸ್ರಿ. ಜೋಡಿಸಿದ ಮೇಲೆ ಎಷ್ಟು ಸಾಲು ಖಾಲಿ ಬಂದವು ಅಂತ ಎಣಿಸದೆ ಮುಂದೆ ಹೋಗಬ್ಯಾಡ್ರಿ. ಖಾಲಿ ಅಂದ್ರೆ ಸೊನ್ನೆ ಅಲ್ಲ. ‘ಗೊತ್ತಿಲ್ಲ’ ಅನ್ನೋದು ಬೇರೆ, ‘ಇಲ್ಲ’ ಅನ್ನೋದು ಬೇರೆ.

ಈಗ ಮುಖ್ಯ ಮಾತಿಗೆ ಬರೋಣ. ಮಹಾರಾಷ್ಟ್ರದ 2011ರ ಶಿಕ್ಷಣ ಹಕ್ಕು ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟನೇ ತರಗತಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಪ್ರತಿ ಶಾಲೆಯ ಸುತ್ತ ಒಂದು ಕಿಲೋಮೀಟರಿನ ವರ್ತುಲ ಹಾಕ್ರಿ. ಹಾಕೋ ಮೊದಲು ನಕ್ಷೆಯನ್ನ ಡಿಗ್ರಿಯಿಂದ ಮೀಟರಿಗೆ ತಿರುಗಿಸಬೇಕು, ನಮಗೆ ಯುಟಿಎಂ ವಲಯ 43 ಉತ್ತರ. ಇದನ್ನ ಮರೆತು ‘1’ ಅಂತ ಹಾಕಿದ್ರೆ ಒಂದು ಡಿಗ್ರಿ ಆಗತೈತಿ, ಅಂದ್ರೆ ಸುಮಾರು 110 ಕಿಲೋಮೀಟರ್. ಜತ್ತದ ಒಂದು ಶಾಲೆಯ ವರ್ತುಲದಾಗ ವಿಜಯಪುರ, ಸೋಲಾಪುರ, ಸಾಂಗಲಿ ಮೂರೂ ಬಂದು ಬೀಳ್ತಾವ.

ಸರಿಯಾಗಿ ಹಾಕಿದ ಮೇಲೆ ಎಲ್ಲಾ ಶಾಲೆಯ ವರ್ತುಲ ಒಂದು ಬಣ್ಣ, ಮಾಧ್ಯಮದ ಕಾಲಂನಲ್ಲಿ ಕನ್ನಡ ಇರೋ ಶಾಲೆಯ ವರ್ತುಲ ಇನ್ನೊಂದು ಬಣ್ಣ ಮಾಡ್ರಿ. ಮೊದಲನೇ ನಕ್ಷೆ ಹೇಳತೈತಿ: ಇಲ್ಲಿ ಶಾಲೆ ಐತಿ. ಎರಡನೇ ನಕ್ಷೆ ಕೇಳತೈತಿ: ಈ ಮಗುವಿಗೆ ಐತೇನು? ಆ ದಿನ ಕಚೇರಿಯಲ್ಲಿ ನಮ್ಮ ಕೈಯಲ್ಲಿ ಇರಬೇಕಾಗಿದ್ದದ್ದು ಈ ಎರಡನೇ ನಕ್ಷೆ.

ಇದು ನಾವು ಹುಟ್ಟಿಸಿದ ಹಕ್ಕಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳತೈತಿ. 1956ರಲ್ಲಿ ಸೇರಿಸಿದ ವಿಧಿ ಅದು. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯದಲ್ಲಿ ಇನ್ನೂ ಬಿಡಿಸಿ ಹೇಳ್ಯಾರ: ಆ ಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಇದ್ರೆ ಶಿಕ್ಷಕರನ್ನ ಕೊಡಬೇಕು. ತಾಲೂಕಿನಲ್ಲಿ ನೂರಕ್ಕೆ 15 ಜನ ಆ ಭಾಷೆಯವರಿದ್ರೆ ಮುಖ್ಯ ನಿಯಮ, ಸೂಚನೆಗಳನ್ನ ಆ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನೋದು ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಯೋಜನೆಯ ಇನ್ನೊಂದು ಅಂಶ.

ನೋಡ್ರಿ, ಎಲ್ಲಾ ಕಡೆ ಸಂಖ್ಯೆ ಐತಿ: 10, 40, 15. ಸಂಖ್ಯೆ ಕೇಳೋ ಕಾನೂನಿಗೆ ಸಂಖ್ಯೆಯಿಂದಲೇ ಉತ್ತರ ಕೊಡಬೇಕು.

ಯಾವ ಗಡಿಯೊಳಗ ಎಣಿಸ್ತೀವಿ ಅನ್ನೋದೂ ಮುಖ್ಯ. 2011ರಲ್ಲಿ ಸಾಂಗಲಿ ಜಿಲ್ಲೆಯ ಜನಸಂಖ್ಯೆ 28,22,143. ಜತ್ತ ತಾಲೂಕಿನದು ಸುಮಾರು 3 ಲಕ್ಷ 28 ಸಾವಿರ. ಹತ್ತು ತಾಲೂಕಿನ ಜಿಲ್ಲೆಯ ಲೆಕ್ಕದಾಗ ನಮ್ಮ ಕನ್ನಡ ಸಾರಿನೊಳಗಿನ ಉಪ್ಪಿನಂಗ ಕರಗಿ ಹೋಗತೈತಿ. ತಾಲೂಕಿನ ಲೆಕ್ಕ ತೆಗೆದ್ರೆ ಎದ್ದು ಕಾಣತೈತಿ. ಹಂಗಾಗಿ ಯಾರಾದ್ರೂ ಜಿಲ್ಲೆಯ ಶೇಕಡಾ ತೋರಿಸಿದ್ರೆ, ‘ತಾಲೂಕಿನ ಸಾಲು ತೋರಿಸ್ರಿ’ ಅನ್ರಿ. ಹಳೇ ಪುಸ್ತಕ ಹುಡುಕುವಾಗ ಇನ್ನೊಂದು ನೆನಪಿರಲಿ. ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು, ಅದಕ್ಕೆ ಸಾಂಗಲಿ ಅನ್ನೋ ಹೆಸರು ಬಂದದ್ದು 1960ರಲ್ಲಿ. 1951ರ ಗಣತಿಯಲ್ಲಿ ‘ಸಾಂಗಲಿ ಜಿಲ್ಲೆ’ ಹುಡುಕಿದ್ರೆ ಸಿಗೋದಿಲ್ಲ.

ಮಾತೃಭಾಷೆಯ ಕೋಷ್ಟಕ ತಾಲೂಕಿನ ಮಟ್ಟಕ್ಕೆ ನಿಲ್ಲತೈತಿ, ಊರೂರಿನ ಲೆಕ್ಕ ಪ್ರಕಟ ಆಗೋದಿಲ್ಲ. ಅದಕ್ಕೇ ನಿಮ್ಮ ಕಾಲು ಬೇಕು. ಪಾಲಕರ ಒಪ್ಪಿಗೆ ತಗೊಂಡು, ಶಾಲೆಗೆ ಹೋಗೋ ವಯಸ್ಸಿನ ಮಕ್ಕಳು ಎಷ್ಟು, ಮನೆಯಲ್ಲಿ ಯಾವ ಮಾತು ಅಂತ ಕೇಳಿ ಬರೀರಿ. ಲಂಬಾಣಿ ತಾಂಡಾದಲ್ಲಿ ಲಂಬಾಣಿ ಅಂದ್ರೆ ಲಂಬಾಣಿ ಅಂತಲೇ ಬರೀರಿ, ಮರಾಠಿ ಅಂದ್ರೆ ಮರಾಠಿ ಅಂತಲೇ ಬರೀರಿ. ನಮ್ಮ ಸಂಖ್ಯೆ ದೊಡ್ಡದಾಗಲಿ ಅಂತ ಒಂದು ಮನೆ ಸುಳ್ಳು ಬರೆದ್ರೂ, ಅದು ಸಿಕ್ಕಿಬಿದ್ದ ದಿನ ಉಳಿದ ಎಲ್ಲಾ ಸತ್ಯ ಸಾಲುಗಳೂ ಸುಳ್ಳಾಗ್ತಾವ. ಕನ್ನಡ ಶಾಲೆ ಇದ್ದೂ ಮಕ್ಕಳು ಕಡಿಮೆ ಇರೋ ಊರನ್ನೂ ನಕ್ಷೆಯಲ್ಲಿ ತೋರಿಸೋಣ. ಬಾಲಭಾರತಿ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕತೈತಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ನಡೀತಾವ. ಅಲ್ಲಿಗೆ ನಮ್ಮ ಮಕ್ಕಳನ್ನ ನಾವೇ ಕಳಿಸ್ತೀವೋ ಇಲ್ಲವೋ ಅನ್ನೋದನ್ನೂ ಈ ನಕ್ಷೆ ಕೇಳತೈತಿ. ಆ ಪ್ರಶ್ನೆಗೆ ಕಚೇರಿಯವರಲ್ಲ, ನಾವು ಉತ್ತರ ಕೊಡಬೇಕು.

ಇನ್ನು ಮೂರು ಎಚ್ಚರಿಕೆ. ಮನೆಯವರ ಹೆಸರು, ಫೋನ್ ನಂಬರ್ ನಕ್ಷೆಗೆ ಹಾಕಬ್ಯಾಡ್ರಿ, ಊರಿನ ಒಟ್ಟು ಸಂಖ್ಯೆ ಸಾಕು. ಒಂದೇ ಶಾಲೆಯಲ್ಲಿ ಎರಡು ಮಾಧ್ಯಮ ಇರಬಹುದು, ಎರಡನೇ ಕಾಲಂ ನೋಡದೆ ‘ಕನ್ನಡ ಇಲ್ಲ’ ಅಂತ ಬರೀಬ್ಯಾಡ್ರಿ. ವರ್ತುಲ ಅಳೆಯೋದು ಹಕ್ಕಿ ಹಾರೋ ದೂರ, ಮಗು ನಡೆಯೋದು ಹಳ್ಳ ದಾಟೋ ದಾರಿ. ಸಾಧ್ಯ ಆದಲ್ಲಿ ದಾರಿಯನ್ನೇ ನಡೆದು ಅಳೀರಿ.

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಮಾತೃಭಾಷೆ ಅಂದ್ರೆ ಸಣ್ಣವರಿದ್ದಾಗ ತಾಯಿ ನಮ್ಮ ಜೊತೆ ಆಡಿದ ಮಾತು. ಮನೆಯಲ್ಲಿ ಕನ್ನಡ ಆಡಿ, ಗಣತಿದಾರರ ಮುಂದೆ ‘ಏನಾದ್ರೂ ಬರ್ಕೊಳ್ರಿ’ ಅನ್ನೋ ಅಭ್ಯಾಸ ನಮ್ಮ ಊರುಗಳಲ್ಲಿ ಐತಿ. ಅವತ್ತು ಬಾಯಿಗೆ ಬಂದಂತೆ ಬರೆಸಿದ ಒಂದು ಶಬ್ದ ಮುಂದಿನ ಹತ್ತಾರು ವರ್ಷ ಕೋಷ್ಟಕದಲ್ಲಿ ಕೂಡತೈತಿ. ಯಾವ ತಂತ್ರಾಂಶವೂ ಆಮೇಲೆ ಅದನ್ನ ತಿದ್ದಲಾರದು. ಅಜ್ಜಿಗೆ, ಅವ್ವಗೆ ಈಗಿನಿಂದಲೇ ಹೇಳ್ರಿ: ನಿನ್ನ ಮಾತು ಯಾವುದೋ ಅದನ್ನೇ ಬರೆಸು, ಬರೆದದ್ದನ್ನ ಓದಿಸಿ ಕೇಳು.

ಇವತ್ತಿನ ಮನೆಗೆಲಸ ಸಣ್ಣದು. ನಿಮ್ಮ ಊರಿನ ಒಂದು ಶಾಲೆ. ಅದರ ಹನ್ನೊಂದು ಅಂಕಿ, ಗೇಟಿನ ಮುಂದಿನ ಜಾಗ, ಮಾಧ್ಯಮ. ಒಂದೇ ಸಾಲು ಬರ್ಕೊಂಡು ಬರ್ರಿ. ಎಲ್ಲರ ಸಾಲು ಕೂಡಿಸಿ ನಾವು ನಕ್ಷೆ ಮಾಡೋಣ. ಆಮೇಲೆ ಅದೇ ಕಚೇರಿಗೆ, ಅದೇ ಮೇಜಿನ ಮುಂದೆ ಮತ್ತೆ ಹೋಗೋಣ. ಈ ಸಲ ಪರದೆ ನಾವು ತಿರುಗಿಸೋಣ.