ಮಳೆಯ ನಾಡಿನ ಬಡ ಮಣ್ಣು

(ಮಲೆನಾಡಿನ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕೃಷಿ ಹವಾಮಾನವನ್ನು ಆಧರಿಸಿ ಕರ್ನಾಟಕವನ್ನು 10 ವಲಯಗಳಾಗಿ ವಿಂಗಡಿಸಲಾಗಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆ ಸುರಿದರೆ, ವಿಜಯಪುರದಲ್ಲಿ ಬೀಳುವುದು ಸುಮಾರು 600 ಮಿ.ಮೀ. ಮಾತ್ರ. ಈ ಅಂಕಿಗಳನ್ನು ಕೇಳಿದವರು ಮಲೆನಾಡಿನ ಮಣ್ಣು ಸಮೃದ್ಧವೆಂದೂ ಬಯಲುಸೀಮೆಯದು ಬಡವೆಂದೂ ತೀರ್ಮಾನಿಸಿಬಿಡುತ್ತಾರೆ. ವಸ್ತುಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆ.

ವಿಜಯಪುರದ ಎರೆಭೂಮಿಯನ್ನು ನೋಡಿ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯನ್ನು ಆ ಕಪ್ಪು ಜೇಡಿಮಣ್ಣು ಹೀರಿ ಹಿಡಿದಿಟ್ಟುಕೊಳ್ಳುತ್ತದೆ; ಆ ತೇವದ ಮೇಲೆಯೇ ಹಿಂಗಾರಿ ಜೋಳ ಚಳಿಗಾಲವಿಡೀ ಬೆಳೆದು ತೆನೆಗಟ್ಟುತ್ತದೆ. ನಮ್ಮಲ್ಲಾದರೋ ಅದರ ಹಲವು ಪಟ್ಟು ಮಳೆ ಸುರಿದರೂ ಮಾರ್ಚ್ ಕಳೆಯುವಷ್ಟರಲ್ಲಿ ಎಷ್ಟೋ ಬಾವಿಗಳು ತಳ ಕಾಣುತ್ತವೆ.

ಇದಕ್ಕೆ ಕಾರಣ ನಮ್ಮ ಕಾಲಡಿಯಲ್ಲಿಯೇ ಇದೆ. ಸಹಸ್ರಾರು ವರ್ಷಗಳ ಬಿಸಿಲು ಮಳೆಗಳಿಗೆ ಸಿಲುಕಿದ ಶಿಲೆಯಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಮೊದಲಾದವು ಕರಗಿ ಹೊಳೆ ಸೇರಿವೆ. ಕರಗದೆ ಉಳಿದವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ನಾವು ಮನೆ ಕಟ್ಟಲು ಬಳಸುವ ಜಂಬಿಟ್ಟಿಗೆ ಈ ಕ್ರಿಯೆಯಿಂದಲೇ ಉಂಟಾದದ್ದು. ಇಂಥ ಮಣ್ಣು ಹುಳಿಯಾಗಿರುತ್ತದೆ. ನಾವು ಹಾಕಿದ ರಂಜಕವನ್ನು ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂಗಳು ಕಟ್ಟಿಹಾಕಿ ಬೇರಿಗೆ ಸಿಗದಂತೆ ಮಾಡುತ್ತವೆ. ಯೂರಿಯಾವನ್ನೇ ವರ್ಷವರ್ಷವೂ ಸುರಿದರೆ ಹುಳಿ ಇನ್ನಷ್ಟು ಹೆಚ್ಚುತ್ತದೆ.

ಹಾಗಾದರೆ ಇಷ್ಟು ದಟ್ಟವಾದ ಕಾಡು ಇಲ್ಲಿ ಹೇಗೆ ಬೆಳೆಯಿತು? ಕಾಡಿನ ಸಂಪತ್ತು ಬಹುಪಾಲು ಇರುವುದು ಮರಗಳಲ್ಲಿ, ಉದುರಿದ ಎಲೆಗಳಲ್ಲಿ ಮತ್ತು ಮೇಲಿನ ಗೇಣುದ್ದದ ಕಪ್ಪು ಪದರದಲ್ಲಿ. ಎಲೆ ಬಿದ್ದು ಕೊಳೆಯುತ್ತದೆ, ಮಳೆ ತೊಳೆದೊಯ್ಯುವ ಮೊದಲೇ ಬೇರು ಅದರ ಸಾರವನ್ನು ಮರಳಿ ಹೀರಿಕೊಳ್ಳುತ್ತದೆ.

ನಮ್ಮ ಹಿರಿಯರು ರಸಾಯನಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರ ಬೇಸಾಯ ಈ ಚಕ್ರಕ್ಕೆ ಹೊಂದಿಕೊಂಡಿತ್ತು. ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ದೊರೆತದ್ದು ಸುಮ್ಮನೆ ಅಲ್ಲ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿತ್ತು. ಒಂದು ಮಾತನ್ನು ಇಲ್ಲಿ ಮುಚ್ಚಿಡಲಾಗದು: ಬೆಟ್ಟ ನಮ್ಮ ಸ್ವಂತ ಆಸ್ತಿಯಲ್ಲ, ಅರಣ್ಯ, ಅದರಲ್ಲಿ ನಮಗಿರುವುದು ಬಳಕೆಯ ಹಕ್ಕು. ಕೊಂಬೆ ಕೊಂಬೆಯನ್ನೂ ಸವರಿ ಬೋಳು ಮಾಡಿದ ಬೆಟ್ಟಗಳು ನಮ್ಮ ನಡುವೆಯೇ ಇವೆ. ಇಲಾಖೆಯನ್ನು ದೂರುವಾಗ ಇದನ್ನೂ ನೆನೆಯಬೇಕು.

ಗದ್ದೆಯ ವಿಚಾರವನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂದು ಅತ್ಯಂತ ಉಪೇಕ್ಷೆಗೆ ಒಳಗಾಗಿರುವುದು ಅದೇ. ಹುಳಿಮಣ್ಣಿನಲ್ಲಿ ನೀರು ನಿಲ್ಲಿಸಿದಾಗ ಕೆಲವು ವಾರಗಳಲ್ಲಿ ಹುಳಿ ತಗ್ಗುತ್ತದೆ, ಕಬ್ಬಿಣದ ಹಿಡಿತದಲ್ಲಿದ್ದ ರಂಜಕದ ಒಂದಂಶ ಬಿಡುಗಡೆಯಾಗುತ್ತದೆ. ಕಣಿವೆಯ ತಗ್ಗಿನಲ್ಲಿ ಬದು ಕಟ್ಟಿ ಭತ್ತ ಬೆಳೆದದ್ದರಿಂದ ಅನ್ನವೂ ಆಯಿತು, ಮಣ್ಣಿನ ದೋಷವೂ ತಗ್ಗಿತು, ನಿಂತ ನೀರು ಇಂಗಿ ಸುತ್ತಲಿನ ಬಾವಿಗಳಿಗೂ ಆಸರೆಯಾಯಿತು. ಅದೇ ಗದ್ದೆಯನ್ನು ಅಡಿಕೆ ತೋಟವಾಗಿಸಿದಾಗ ಮೊದಲು ಮಾಡುವ ಕೆಲಸ ಆಳವಾದ ಬಸಿಗಾಲುವೆ ತೋಡುವುದು. ನಿಲ್ಲಬೇಕಾಗಿದ್ದ ನೀರನ್ನು ಹರಿಯಬಿಟ್ಟು, ಬೇಸಿಗೆಯಲ್ಲಿ ಕೊಳವೆಬಾವಿಯಿಂದ ಮೇಲೆತ್ತುತ್ತೇವೆ. ಭತ್ತದಲ್ಲಿ ಕೂಲಿಯೂ ಗಿಟ್ಟುವುದಿಲ್ಲವೆಂಬುದು ನಿಜ. ಅಡಿಕೆಗೆ ಹೋದ ಸಣ್ಣ ರೈತನನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಬದುಗಳನ್ನು ಕಾಯುವ ರೈತನಿಗೆ, ನೆರೆಹೊರೆಯವರ ಬಾವಿ ತುಂಬಿಸುತ್ತಿರುವುದಕ್ಕೆಂದೇ, ಸರ್ಕಾರ ಪ್ರತಿಫಲ ಕೊಡಬೇಕೆಂದು ಗ್ರಾಮಸಭೆಗಳು ಕೇಳಬಹುದು.

ಇಳಿಜಾರನ್ನು ಯಂತ್ರದಿಂದ ಕಡಿದು ತೋಟ ಮಾಡುವುದಂತೂ ಬೇರೆಯೇ ಬಗೆಯ ಅಪಾಯ. ಗೇಣುದ್ದದ ಕಪ್ಪು ಪದರ ಅಡಿಗೆ ಹೋಗಿ, ಸಾರವಿಲ್ಲದ ಕೆಂಪು ಮಣ್ಣು ಮೇಲೆ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, ಅತಿಮಳೆಯೊಡನೆ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಜರಿದು ಜೀವಗಳನ್ನು ಬಲಿ ತೆಗೆದುಕೊಂಡಿತು.

ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸುತ್ತೇನೆ. ಮಳೆಗಾಲಕ್ಕೆ ಮುನ್ನ ಊರಿನ ಮೂರು ಕಡೆ, ಎಂದರೆ ಮರವಿರುವ ಬೆಟ್ಟ, ಗದ್ದೆ ಮತ್ತು ಹೊಸದಾಗಿ ಕಡಿದ ತೋಟ, ಇವುಗಳಲ್ಲಿ ಮೊಳಕೈ ಆಳದ ಗುಂಡಿ ತೋಡಿ ಕಪ್ಪು ಪದರ ಎಷ್ಟಿದೆಯೆಂದು ಅಳೆಯಿರಿ. ಮೇಲ್ಮಣ್ಣಿನ ಮಾದರಿಗಳನ್ನು ಬೇರೆಬೇರೆಯಾಗಿ ನೆರಳಿನಲ್ಲಿ ಒಣಗಿಸಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡಿ. ಮೊದಲ ದೊಡ್ಡ ಮಳೆಯ ದಿನ ಆ ಮೂರೂ ಕಡೆಗಳಿಂದ ಹರಿದುಬರುವ ನೀರನ್ನು ಬಾಟಲಿಗಳಲ್ಲಿ ಹಿಡಿದು, ತಳದಲ್ಲಿ ಕುಳಿತ ಮಣ್ಣನ್ನು ಹೋಲಿಸಿ ನೋಡಿ. ಆ ಬಾಟಲಿಗಳನ್ನು ಮುಂದಿನ ಗ್ರಾಮಸಭೆಯ ಮೇಜಿನ ಮೇಲೆ ತಂದಿಡಿ.